ಅನಿಮಲ್ಸ್ ಆ್ಯಸ್ ಲೀಡರ್ಸ್: ಐದು ಆಲ್ಬಂಗಳಲ್ಲಿ ಮೊದಲು ಕೇಳಬೇಕಾದ್ದು ಯಾವುದು?

‘ಕ್ಯಾಫೋ’ದಿಂದ ಶುರು ಮಾಡಬೇಡಿ. ವಾದ್ಯ ಮಾತ್ರದ ಹೆವಿ ಮೆಟಲ್ ನುಡಿಸುವ ಅನಿಮಲ್ಸ್ ಆ್ಯಸ್ ಲೀಡರ್ಸ್ ಬ್ಯಾಂಡನ್ನು ಹೊಸದಾಗಿ ಕೇಳಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅದು ಚೆನ್ನಾಗಿಲ್ಲ ಅಂತಲ್ಲ. ಮೊದಲ ಆಲ್ಬಂನಲ್ಲಿರುವ ಈ ತುಣುಕು ಬ್ಯಾಂಡಿನ ಒಳ್ಳೆಯ ಕೆಲಸಗಳಲ್ಲಿ ಒಂದು. ಆದರೆ ಗಿಟಾರ್ ಸ್ವರಗಳು ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಶುರುವಾಗುತ್ತವೆ. ತುಣುಕು ಆರು ನಿಮಿಷಕ್ಕೂ ಜಾಸ್ತಿ ಇದೆ. ಹಾಡುವವರು ಯಾರೂ ಇಲ್ಲ. ಎರಡನೇ ನಿಮಿಷಕ್ಕೆ ಬರುವಷ್ಟರಲ್ಲಿ ಹೊಸಬರ ಕಿವಿ ದಣಿದುಬಿಡುತ್ತದೆ. "ಕೈಚಳಕ ಭಾರಿ ಇದೆ, ಸಂಗೀತ ಎಲ್ಲಿದೆ?" ಅಂತ ಕೇಳಿ ಬಿಟ್ಟುಬಿಡುತ್ತಾರೆ. ನನಗೆ ಗೊತ್ತಿರುವ ನಾಲ್ಕೈದು ಜನ ಹೀಗೇ ಬಿಟ್ಟರು. ಅದರಲ್ಲಿ ಇಬ್ಬರು ಬೇರೆ ಆಲ್ಬಂನಿಂದ ಮತ್ತೆ ಶುರು ಮಾಡಿ, ಈಗ ನನಗಿಂತ ಜಾಸ್ತಿ ಕೇಳುತ್ತಾರೆ.

ಹಾಗಾಗಿ ಈ ಬರಹ. ಬ್ಯಾಂಡಿನ ಸ್ಟುಡಿಯೋ ಆಲ್ಬಂಗಳಲ್ಲಿ ಐದನ್ನು ಇಲ್ಲಿ ಪಕ್ಕಪಕ್ಕ ಇಡುತ್ತೇನೆ. ಮೊದಲನೆಯದು 2009ರಲ್ಲಿ ಬಂದದ್ದು, ಬ್ಯಾಂಡಿನದೇ ಹೆಸರಿನ ಆಲ್ಬಂ. ಆಮೇಲೆ 2011ರ ‘ವೇಟ್‌ಲೆಸ್’, 2014ರ ‘ದ ಜಾಯ್ ಆಫ್ ಮೋಷನ್’, 2016ರ ‘ದ ಮ್ಯಾಡ್‌ನೆಸ್ ಆಫ್ ಮೆನಿ’, 2022ರ ‘ಪರೀಸಿಯಾ’. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ‘ದ ಜಾಯ್ ಆಫ್ ಮೋಷನ್’ನಿಂದ ಶುರು ಮಾಡಬೇಕು. ಸಮಯ ಕಡಿಮೆ ಇರುವವರಿಗೆ ‘ಪರೀಸಿಯಾ’. ಗಿಟಾರ್ ನುಡಿಸುವವರಿಗೆ ಮಾತ್ರ ಮೊದಲ ಆಲ್ಬಂ.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಒಂದು ಕಾರಣವಿದೆ. ಹಾಡಿನಲ್ಲಿ ಸಾಹಿತ್ಯ ಇದ್ದರೆ ಕಿವಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತದೆ. ಪಲ್ಲವಿ ಮತ್ತೆ ಬಂದಾಗ "ಓ, ಇಲ್ಲಿದ್ದೀವಿ" ಅಂತ ಗೊತ್ತಾಗುತ್ತದೆ. ವಾದ್ಯ ಮಾತ್ರ ಇರುವ ಮೆಟಲ್‌ನಲ್ಲಿ ಆ ಹಿಡಿ ಇರುವುದಿಲ್ಲ. ಬೇರೆ ಏನಾದರೂ ಆ ಕೆಲಸ ಮಾಡಬೇಕು. ಒಂದು ಧಾಟಿ, ಒಂದು ಲಯ, ಒಂದು ನಾದ, ಏನಾದರೂ ಸರಿ. ಈ ಐದು ಆಲ್ಬಂಗಳಲ್ಲಿ ಆ ಹಿಡಿ ಬೇರೆ ಬೇರೆ. ಯಾವುದರಲ್ಲಿ ಏನು ಹಿಡಿದುಕೊಳ್ಳಬೇಕು ಅಂತ ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಬ್ಯಾಂಡ್ ಬಗ್ಗೆ ಬೇಕಾದಷ್ಟು

ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ಟೋಸಿನ್ ಅಬಾಸಿ 2007ರಲ್ಲಿ ಈ ಬ್ಯಾಂಡ್ ಶುರು ಮಾಡಿದರು. ಅವರ ತಂದೆ ತಾಯಿ ನೈಜೀರಿಯಾ ಮೂಲದವರು. ಅದಕ್ಕೂ ಮುಂಚೆ ಅಬಾಸಿ ‘ರಿಫ್ಲಕ್ಸ್’ ಅನ್ನುವ ಬ್ಯಾಂಡಿನಲ್ಲಿದ್ದರು. ಅದು ಮುರಿದುಬಿದ್ದಾಗ ಪ್ರಾಸ್ಥೆಟಿಕ್ ರೆಕಾರ್ಡ್ಸ್ ಕಂಪನಿ, ನೀವೊಬ್ಬರೇ ಒಂದು ಆಲ್ಬಂ ಮಾಡಿ ಅಂತ ಕೇಳಿತು. ಅಬಾಸಿ ಆಗ ಒಪ್ಪಲಿಲ್ಲ. ಅಟ್ಲಾಂಟಾಕ್ಕೆ ಹೋಗಿ ಸಂಗೀತ ಶಾಲೆ ಸೇರಿ ಕಲಿತರು. ಕಲಿತು ಮುಗಿಸಿದ ಮೇಲೆ ಒಪ್ಪಿಕೊಂಡರು. ಕೈಯಲ್ಲಿದ್ದ ಅವಕಾಶ ಬಿಟ್ಟು ಕಲಿಯಲು ಹೋಗುವುದು ಸಣ್ಣ ಮಾತಲ್ಲ. ಮೊದಲ ಆಲ್ಬಂ ಕೇಳುವಾಗ ನನಗೆ ಇದು ನೆನಪಾಗುತ್ತಲೇ ಇರುತ್ತದೆ.

ಬ್ಯಾಂಡಿನ ಹೆಸರಿಗೆ ಸ್ಫೂರ್ತಿ ಡೇನಿಯಲ್ ಕ್ವಿನ್ ಅವರ ‘ಇಷ್ಮಾಯೆಲ್’ ಕಾದಂಬರಿ. ಅದರಲ್ಲಿ ಗೊರಿಲ್ಲಾ ಒಂದು ಮನುಷ್ಯನಿಗೆ ಪಾಠ ಹೇಳುತ್ತದೆ. ಕ್ಯಾಫೋ ಅಂದರೂ ಅಷ್ಟೇ, ಸಾವಿರಾರು ಪ್ರಾಣಿಗಳನ್ನು ಒಂದೇ ಕಡೆ ಕೂಡಿಹಾಕಿ ಸಾಕುವ ಮಾಂಸೋದ್ಯಮದ ಜಾಗಗಳಿಗೆ ಅಮೆರಿಕದಲ್ಲಿರುವ ಹೆಸರಿನ ಗಿಡ್ಡ ರೂಪ. ಮಾತಿಲ್ಲದ ಸಂಗೀತದಲ್ಲಿ ಹೆಸರೊಂದೇ ಮಾತು. ಹಾಗಾಗಿ ತುಣುಕುಗಳ ಹೆಸರು ನೋಡಿಕೊಂಡು ಕೇಳಿ.

ಈಗಿನ ತಂಡದಲ್ಲಿ ಮೂವರು. ಅಬಾಸಿ, ಇನ್ನೊಬ್ಬ ಗಿಟಾರಿಸ್ಟ್ ಹಾವಿಯೇರ್ ರೇಯೆಸ್, ಡ್ರಮ್ಮರ್ ಮ್ಯಾಟ್ ಗಾರ್‌ಸ್ಟ್ಕಾ. ಬೇಸ್ ಗಿಟಾರ್‌ಗೆ ಅಂತ ಬೇರೆ ಆಳಿಲ್ಲ. ಯಾಕೆ ಅಂದರೆ ಇಬ್ಬರ ಕೈಯಲ್ಲೂ ಇರುವುದು ಎಂಟು ತಂತಿಯ ಗಿಟಾರ್. ಮಾಮೂಲಿ ಗಿಟಾರಿನ ಆರು ತಂತಿಯ ಕೆಳಗೆ ಇನ್ನೂ ಎರಡು ಮಂದ್ರದ ತಂತಿ. ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ನುಡಿದರೆ, ಎಂಟನೇ ತಂತಿಯ ಎಫ್ ಶಾರ್ಪ್ ಸುಮಾರು 46 ಹರ್ಟ್ಸ್. ಬೇಸ್ ಗಿಟಾರಿನ ದಪ್ಪ ತಂತಿ 41. ಅಂದರೆ ಬೇಸ್‌ನ ಮನೆ ಬಾಗಿಲಿಗೇ ಹೋಗಿ ನಿಂತ ಹಾಗೆ.

ಇದನ್ನು ಹೇಳಿದ್ದು ಸುಮ್ನೆ ಅಲ್ಲ. ಫೋನಿನ ಸ್ಪೀಕರಿಗೆ ಈ ಮಂದ್ರವನ್ನು ನುಡಿಸುವ ಶಕ್ತಿ ಇಲ್ಲ. ಅದರಲ್ಲಿ ಕೇಳಿದರೆ ಈ ಸಂಗೀತದ ಅರ್ಧ ಭಾಗ ಕಳೆದುಹೋಗುತ್ತದೆ, ಉಳಿಯುವುದು ಮೇಲಿನ ಚಿಟಿಪಿಟಿ ಮಾತ್ರ. "ಬರೀ ಗಲಾಟೆ" ಅಂತ ಅನ್ನಿಸಲು ಇದೂ ಒಂದು ಕಾರಣ. ದುಬಾರಿ ಸಾಮಾನು ಬೇಡ. ಕಿವಿಗೆ ಸರಿಯಾಗಿ ಕೂರುವ ಸಾಧಾರಣ ಇಯರ್‌ಫೋನ್ ಸಾಕು.

ಬೆರಳು ಮಡಚಿ ಕೇಳುವುದು

ಆಲ್ಬಂಗಳಿಗೆ ಹೋಗುವ ಮೊದಲು ಕೇಳುವ ಬಗೆ ಒಂದನ್ನು ಹೇಳಬೇಕು. ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಚಿಕ್ಕಪ್ಪ. ಅವರು ಮೃದಂಗ ಕಲಿತವರು, ಮೆಟಲ್ ಎಂದೂ ಕೇಳಿದವರಲ್ಲ. ಒಂದು ಸಂಜೆ ನಾನು ‘ಫಿಸಿಕಲ್ ಎಜುಕೇಷನ್’ ಹಾಕಿಕೊಂಡು, "ಚಿಕ್ಕಪ್ಪ, ಇದರ ಲೆಕ್ಕ ಸಿಗ್ತಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತೊಡೆಯ ಮೇಲೆ ತಟ್ಟಲು ಶುರು ಮಾಡಿದರು. "ಗಿಟಾರ್ ಹಿಂದೆ ಓಡಬೇಡ ಕಣೋ. ಆ ತಟ್ಟೆ ಸದ್ದು ಇದೆಯಲ್ಲ, ಅದನ್ನು ಹಿಡ್ಕೋ. ಅದು ತಾಳ. ಉಳಿದದ್ದೆಲ್ಲ ಅದರ ಮೇಲೆ ಹೇಳೋ ಸೊಲ್ಲು" ಅಂದರು.

ತಟ್ಟೆ ಅಂದರೆ ಡ್ರಮ್ಮಿನ ಸಿಂಬಲ್. ಸೊಲ್ಲು ಅಂದರೆ ಮೃದಂಗದ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ‘ತಕಧಿಮಿ’ಯಂಥ ಅಕ್ಷರಗಳು. ಅವರು ಹೇಳಿದ್ದು ಎಷ್ಟು ನಿಜ ಅಂತ ಆಮೇಲೆ ಗೊತ್ತಾಯಿತು. ಈ ಬಗೆಯ ಸಂಗೀತದಲ್ಲಿ ಸಿಂಬಲ್ ಮೇಲಿನ ಡ್ರಮ್ಮರ್ ಕೈ ತಾಳವನ್ನು ನೇರವಾಗಿ ನಾಲ್ಕು ನಾಲ್ಕಾಗಿ ಹಿಡಿದಿರುತ್ತದೆ. ಕಾಲಿನ ಡ್ರಮ್ ಮತ್ತು ಗಿಟಾರ್ ಸೇರಿಕೊಂಡು ಅದೇ ಜಾಗವನ್ನು ಬೇರೆ ಥರ ಒಡೆಯುತ್ತವೆ. ಒಂದು ಉದಾಹರಣೆ ನೋಡಿ. 16 ಮಾತ್ರೆ ಇದೆ. ಕೈ ಅದನ್ನು ‘ತಕಧಿಮಿ’ ಅಂತ ನಾಲ್ಕು ಸಲ ಎಣಿಸುತ್ತದೆ. ಗಿಟಾರ್ ಅದೇ 16ನ್ನು ‘ತಕಿಟ ತಕಿಟ ತಕಿಟ ತಕಿಟ ತಕಧಿಮಿ’ ಅನ್ನುತ್ತದೆ. ಮೂರರಂತೆ ನಾಲ್ಕು ಸಲ, ಕೊನೆಗೆ ಒಂದು ನಾಲ್ಕು. ನಡುವೆ ಎರಡೂ ಬೇರೆ ಬೇರೆ ದಾರಿ ಹಿಡಿದ ಹಾಗೆ ಕೇಳಿಸುತ್ತದೆ. ಆದರೆ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಇಬ್ಬರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ತನಿ ಆವರ್ತನ (ಕಛೇರಿಯಲ್ಲಿ ಮೃದಂಗದವರಿಗೇ ಬಿಟ್ಟುಕೊಡುವ ಭಾಗ) ಕೇಳಿ ಬೆಳೆದವರಿಗೆ ಇದು ಹೊಸದೇನಲ್ಲ, ಅಲ್ವಾ? ಎಲ್ಲ ತುಣುಕೂ ಇಷ್ಟು ಸರಳವಲ್ಲ. ಕೆಲವು ಕಡೆ ಐದು, ಏಳು ಬರುತ್ತವೆ. ಆದರೂ ಸಿಂಬಲ್ ಹಿಡಿದುಕೊಂಡು ಕೂತರೆ ದಾರಿ ತಪ್ಪುವುದು ಕಡಿಮೆ.

ಈ ಬ್ಯಾಂಡಿನವರು ನಮ್ಮ ಲಯದ ಲೆಕ್ಕವನ್ನು ತೆಗೆದುಕೊಂಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅವರ ದಾರಿ ಜಾಝ್, ಫ್ಯೂಷನ್, ಮೆಟಲ್‌ನಿಂದ ಬಂದದ್ದು. ಆದರೆ ನಮ್ಮ ಕಿವಿಗೆ ಮೊದಲೇ ಇರುವ ಒಂದು ಸಲಕರಣೆ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

‘ದ ಜಾಯ್ ಆಫ್ ಮೋಷನ್’: ಯಾಕೆ ಇಲ್ಲಿಂದಲೇ

2014ರ ಮಾರ್ಚ್‌ನಲ್ಲಿ ಬಂದ ಮೂರನೇ ಆಲ್ಬಂ. ಹನ್ನೆರಡು ತುಣುಕು. ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 23ನೇ ಜಾಗಕ್ಕೆ ಬಂತು. ಹಾಡುಗಾರನೇ ಇಲ್ಲದ, ಇಷ್ಟು ಕ್ಲಿಷ್ಟವಾದ ಸಂಗೀತ ಅಷ್ಟು ಮೇಲೆ ಹೋಯಿತು ಅಂದರೆ ಅದರಲ್ಲಿ ಜನರ ಕಿವಿಗೆ ಸಿಕ್ಕ ಹಿಡಿ ಏನೋ ಇರಲೇಬೇಕು.

ಆ ಹಿಡಿ ಚಲನೆ. ಹೆಸರಿನಲ್ಲೇ ಇದೆ, ಚಲನೆಯ ಖುಷಿ. ಗಾರ್‌ಸ್ಟ್ಕಾ ತಂಡ ಸೇರಿದ ಮೇಲೆ ಬಂದ ಮೊದಲ ಆಲ್ಬಂ ಇದು. ಅವರು ಬಾಸ್ಟನ್‌ನ ಬರ್ಕ್‌ಲೀ ಸಂಗೀತ ಕಾಲೇಜಿನಲ್ಲಿ ಓದಿದವರು. ಎಷ್ಟೇ ಕಷ್ಟದ ಲೆಕ್ಕ ಇರಲಿ, ಅವರು ಅದಕ್ಕೊಂದು ತೂಗಾಟ ಕೊಡುತ್ತಾರೆ. ತಲೆ ತಾನಾಗಿ ಆಡುತ್ತದೆ. ಲೆಕ್ಕ ಆಮೇಲೆ ಅರ್ಥವಾಗುತ್ತದೆ, ಅರ್ಥವಾಗದಿದ್ದರೂ ನಡೆಯುತ್ತದೆ. ಮೊದಲ ಎರಡು ಆಲ್ಬಂಗಳಲ್ಲಿ ಇದು ಇಷ್ಟು ಸುಲಭವಾಗಿ ಸಿಗುವುದಿಲ್ಲ.

‘ಫಿಸಿಕಲ್ ಎಜುಕೇಷನ್’ ಮೊದಲು ಕೇಳಿ. ಆರಂಭದಲ್ಲೇ ಒಂದು ಕುಣಿತದ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಸಣ್ಣ ಎಳೆ, ಬರುತ್ತದೆ. ಎರಡನೇ ಸಲ ಕೇಳುವಾಗ ನಿಮಗೆ ಅದು ಬಾಯಿಪಾಠ ಆಗಿರುತ್ತದೆ. ಆಮೇಲೆ ‘ದ ವೋವನ್ ವೆಬ್’. ಇಲ್ಲಿ ಅಬಾಸಿಯ ಹೆಸರು ಮಾಡಿದ ಕೈಕೆಲಸ ಚೆನ್ನಾಗಿ ಕೇಳಿಸುತ್ತದೆ. ಬೇಸ್ ನುಡಿಸುವವರು ಹೆಬ್ಬೆರಳಿನಿಂದ ತಂತಿಗೆ ಬಡಿಯುತ್ತಾರಲ್ಲ, ಅದನ್ನು ಅವರು ಎಂಟು ತಂತಿಯ ಗಿಟಾರಿಗೆ ತಂದರು. ಹೆಬ್ಬೆರಳು ಕೆಳಗೆ ಹೋಗುವಾಗ ಒಂದು ಪೆಟ್ಟು, ಮೇಲೆ ಬರುವಾಗ ಇನ್ನೊಂದು, ನಡುವೆ ಎಡಗೈ ಬೆರಳು ಒತ್ತಿ ಮತ್ತೊಂದು ಸ್ವರ. ಇದಕ್ಕೆ ‘ಥಂಪಿಂಗ್’ ಅನ್ನುತ್ತಾರೆ. ಗಿಟಾರ್ ಅನ್ನುವುದಕ್ಕಿಂತ ಚರ್ಮವಾದ್ಯದ ಹಾಗೆ ಕೇಳಿಸುತ್ತದೆ. ಒಂದೇ ಕೈ ತಾಳವನ್ನೂ ರಾಗವನ್ನೂ ಹೇಳುತ್ತಿರುತ್ತದೆ. ಇಂದು ಎಷ್ಟೋ ಹೊಸ ಗಿಟಾರಿಸ್ಟ್‌ಗಳು ಇದನ್ನು ಕಲಿಯುತ್ತಾರೆ. ಅದು ಅಷ್ಟು ಹರಡಲು ಈ ಬ್ಯಾಂಡೇ ದೊಡ್ಡ ಕಾರಣ.

ಮೆಟಲ್ ಬೇಡ ಅನ್ನುವವರಿಗೂ ಈ ಆಲ್ಬಂನಲ್ಲಿ ಜಾಗ ಇದೆ. ‘ಅನದರ್ ಇಯರ್’ ಹೆಚ್ಚುಕಡಿಮೆ ಜಾಝ್. ‘ಪಾರಾ ಮೆಶೇರ್’ನಲ್ಲಿ ನೈಲಾನ್ ತಂತಿಯ ಗಿಟಾರ್, ಲ್ಯಾಟಿನ್ ಅಮೆರಿಕದ ಗಾಳಿ. ರೇಯೆಸ್ ಶಾಸ್ತ್ರೀಯ ಗಿಟಾರ್ ಕಲಿತವರು, ‘ಮೆಸ್ಟೀಸ್’ ಅನ್ನುವ ಅವರದೇ ಯೋಜನೆಯಲ್ಲಿ ಈ ಲ್ಯಾಟಿನ್ ಬಣ್ಣ ಇನ್ನೂ ಗಾಢವಾಗಿದೆ. ‘ಏರ್ ಕ್ರಿಸಲಿಸ್’, ‘ಲಿಪಿನ್‌ಕಾಟ್’ ಎರಡೂ ಧಾಟಿಗಾಗಿ ಕೇಳಬೇಕಾದವು.

ಒಂದು ಕೊರತೆ ಹೇಳಲೇಬೇಕು. ಮೊದಲ ತುಣುಕು ‘ಕ್ಯಾಸ್ಕೇಡ್’ ಹೊಸಬರಿಗೆ ಸರಿಯಾದ ಬಾಗಿಲಲ್ಲ. ಭಾರ ಜಾಸ್ತಿ. ಹಾಗಾಗಿ ಈ ಆಲ್ಬಂ ಅನ್ನು ಕ್ರಮವಾಗಿ ಕೇಳಬೇಡಿ. ಐದನೇ ತುಣುಕಿನಿಂದ ಒಳಗೆ ಹೋಗಿ ಒಂದು ಸುತ್ತು ಮುಗಿಸಿ, ಆಮೇಲೆ ಮೊದಲಿಗೆ ಬನ್ನಿ. ಆಲ್ಬಂ ಮಾಡಿದವರು ಯೋಚಿಸಿ ಇಟ್ಟ ಕ್ರಮವನ್ನು ಮುರಿಯುವುದು ನನಗೂ ಇಷ್ಟವಿಲ್ಲ, ಆದರೆ ಮೊದಲ ಸಲಕ್ಕೆ ಇದು ಕೆಲಸ ಮಾಡುತ್ತದೆ.

ಮೊದಲ ಆಲ್ಬಂ: ಒಬ್ಬನ ತಲೆಯೊಳಗಿನ ಸಂಗೀತ

ನನಗೆ ವೈಯಕ್ತಿಕವಾಗಿ ತುಂಬ ಹತ್ತಿರದ ಆಲ್ಬಂ ಇದು. 2009ರ ಏಪ್ರಿಲ್‌ನಲ್ಲಿ ಬಂತು. ಆಗ ಇದು ಬ್ಯಾಂಡೇ ಆಗಿರಲಿಲ್ಲ. ಗಿಟಾರ್, ಬೇಸ್ ಎರಡನ್ನೂ ಅಬಾಸಿ ಒಬ್ಬರೇ ನುಡಿಸಿದರು. ಡ್ರಮ್ಸ್ ನುಡಿಸಿದವರು ಯಾರೂ ಇಲ್ಲ. ‘ಪೆರಿಫೆರಿ’ ಬ್ಯಾಂಡಿನ ಮಿಶಾ ಮನ್ಸೂರ್ ಒಂದೊಂದು ಪೆಟ್ಟನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದರು. ರೆಕಾರ್ಡಿಂಗ್ ಕೆಲಸವೂ ಅವರದೇ.

ಇದು ಗೊತ್ತಿದ್ದು ಕೇಳಿದರೆ ಆಲ್ಬಂ ಬೇರೆಯೇ ಆಗಿ ಕಾಣುತ್ತದೆ. ಇಲ್ಲಿ ಒಬ್ಬರು ಇನ್ನೊಬ್ಬರಿಗೆ ಉತ್ತರ ಕೊಡುವುದಿಲ್ಲ. ಜುಗಲ್‌ಬಂದಿ ಇಲ್ಲ. ವರ್ಷಗಟ್ಟಲೆ ಒಳಗೆ ಕೂಡಿಟ್ಟದ್ದನ್ನು ಒಬ್ಬನೇ ಒಂದೇ ಉಸಿರಿಗೆ ಹೇಳುತ್ತಿರುವ ಹಾಗಿದೆ. ‘ಟೆಂಪ್ಟಿಂಗ್ ಟೈಮ್’ ಶುರುವಾದಾಗಿಂದ ಸ್ವರಗಳು ಬಂದು ಬೀಳುತ್ತಲೇ ಇರುತ್ತವೆ. ಹೊಸಬರಿಗೆ ಕಷ್ಟ ಆಗುವುದು ಇದಕ್ಕೇ. ತಾಳ ಯಂತ್ರದ್ದು, ಅದರಲ್ಲಿ ಉಸಿರಿಲ್ಲ. ಗಾರ್‌ಸ್ಟ್ಕಾ ಕೊಡುವ ತೂಗಾಟ ಇಲ್ಲಿ ಸಿಗುವುದಿಲ್ಲ. ಲಯವನ್ನು ಹಿಡಿದು ಒಳಗೆ ಹೋಗಲು ನೋಡಿದರೆ ಕೈಗೆ ಏನೂ ಸಿಗದೆ ಹಿಂದೆ ಬರುತ್ತೀರಿ.

ಇಲ್ಲಿ ಹಿಡಿಯಬೇಕಾದ್ದು ಧಾಟಿಯನ್ನು. ‘ಸೊರಾಯಾ’ ಕೇಳಿ. ‘ಆನ್ ಇಂಪಲ್ಸ್’ ಕೇಳಿ. ಅಷ್ಟೆಲ್ಲ ಬೆರಳಿನ ಓಟದ ನಡುವೆ ಬಾಯಲ್ಲಿ ಗುನುಗಬಹುದಾದ ಒಂದು ಎಳೆ ಇದೆ. ಅದನ್ನು ಒಂದು ಸಲ ಹಿಡಿದರೆ ಸುತ್ತಲಿನ ಗದ್ದಲ ಅದಕ್ಕೆ ಹಿನ್ನೆಲೆ ಆಗಿಬಿಡುತ್ತದೆ. ‘ಇನಾಮೊರಾಟಾ’ದ ನಡುವೆ ಎಲ್ಲವೂ ಇಳಿದು ಜಾಝ್‌ನ ಮೃದು ನಡೆ ಬರುತ್ತದೆ. ಆ ಜಾಗಕ್ಕಾಗಿಯೇ ನಾನು ಆ ತುಣುಕನ್ನು ಮತ್ತೆ ಮತ್ತೆ ಹಾಕಿಕೊಳ್ಳುತ್ತೇನೆ. ‘ಮಾಡರ್ನ್ ಮೀಟ್’ ಬಂದಾಗ ಕಿವಿಗೆ ವಿಶ್ರಾಂತಿ.

ಗಿಟಾರ್ ಕಲಿಯುತ್ತಿರುವವರಿಗೆ ಮಾತ್ರ ಇದನ್ನೇ ಮೊದಲು ಕೇಳಿ ಅನ್ನುತ್ತೇನೆ. ಅವರಿಗೆ ಬೇರೆ ಹಿಡಿ ಬೇಕಾಗಿಲ್ಲ. ಬೆರಳು ಎಲ್ಲಿ ಹೋಯಿತು, ಯಾವ ತಂತಿ ಮೀಟಿದರು ಅನ್ನುವ ಕುತೂಹಲವೇ ಸಾಕು. ಇಬ್ಬರ ಗಿಟಾರ್ ಬೆರೆಯುವ ಗೊಂದಲ ಇಲ್ಲ. ಒಬ್ಬರ ಕೈಯನ್ನೇ ಅನುಸರಿಸಬಹುದು.

‘ವೇಟ್‌ಲೆಸ್’: ಕೊನೆಗೆ ಇಟ್ಟುಕೊಳ್ಳಿ

2011ರ ನವೆಂಬರ್. ಈಗ ಬ್ಯಾಂಡ್ ಆಯಿತು. ರೇಯೆಸ್ ಬಂದರು, ಡ್ರಮ್ಮರ್ ಆಗಿ ನವೀನ್ ಕೋಪರ್‌ವೈಸ್ ಬಂದರು. (ಹೆಸರು ನಮ್ಮ ಕಡೆಯದ್ದರ ಹಾಗೆ ಕೇಳಿದರೂ ಅವರು ಅಮೆರಿಕದವರೇ.) ನನ್ನ ಮಟ್ಟಿಗೆ ಐದರಲ್ಲಿ ಒಳಗೆ ಹೋಗಲು ಅತಿ ಕಷ್ಟದ ಆಲ್ಬಂ ಇದು. ನಾದ ಒತ್ತೊತ್ತಾಗಿದೆ. ಎಲೆಕ್ಟ್ರಾನಿಕ್ ಸದ್ದುಗಳು ಜಾಸ್ತಿ. ತುಣುಕುಗಳು ಒಂದರಿಂದ ಇನ್ನೊಂದು ಬೇರೆ ಅಂತ ಗೊತ್ತಾಗಲು ನಾಲ್ಕೈದು ಸಲ ಕೇಳಬೇಕು.

ಆದರೆ ‘ಆ್ಯನ್ ಇನ್ಫಿನಿಟ್ ರಿಗ್ರೆಷನ್’ ಬಿಡಬೇಡಿ. ‘ಥಂಪಿಂಗ್’ ಅನ್ನು ಕಲಿಯಬೇಕು ಅಂದವರು ಮೊದಲು ನೋಡುವುದು ಇದನ್ನೇ. ಕೊನೆಯ ‘ಡೇವಿಡ್’ ತದ್ವಿರುದ್ಧ. ಹೆವಿ ಸದ್ದೇ ಇಲ್ಲದ, ಸಣ್ಣ ಸಮಾಧಾನದ ತುಣುಕು. ಹೊರಗೆ ಮಳೆ ಇರುವಾಗ ಕೇಳಲು ಬಹಳ ಚೆನ್ನ. ಉಳಿದ ನಾಲ್ಕು ಆಲ್ಬಂ ಮುಗಿದ ಮೇಲೆ ಇದಕ್ಕೆ ಬಂದರೆ ಇದರ ಬೆಲೆ ಗೊತ್ತಾಗುತ್ತದೆ.

‘ಮ್ಯಾಡ್‌ನೆಸ್’ ಮತ್ತು ‘ಪರೀಸಿಯಾ’: ಇಲ್ಲಿ ನಿಜವಾದ ಆಯ್ಕೆ

‘ಜಾಯ್ ಆಫ್ ಮೋಷನ್’ ಇಷ್ಟವಾದವರು ಮುಂದೆ ಯಾವುದಕ್ಕೆ ಹೋಗಬೇಕು? ಈ ಎರಡರ ನಡುವೆ ಆರಿಸುವುದೇ ಕಷ್ಟ. ತಂಡ ಅದೇ, ಮೂವರೂ ಅವರೇ. ಆದರೂ ಎರಡರ ಸ್ವಭಾವ ಪೂರ್ತಿ ಬೇರೆ.

‘ದ ಮ್ಯಾಡ್‌ನೆಸ್ ಆಫ್ ಮೆನಿ’ 2016ರ ನವೆಂಬರ್‌ನಲ್ಲಿ ಬಂತು. ಹೊರಗಿನ ನಿರ್ಮಾಪಕರನ್ನು ಕರೆಯದೆ ಮೂವರೇ ಸೇರಿ ಮಾಡಿದರು. ಹತ್ತು ತುಣುಕು. ಮೊದಲನೆಯದರ ಹೆಸರು ‘ಅರಿತ್ಮೊಫೋಬಿಯಾ’, ಅಂದರೆ ಅಂಕಿಗಳ ಭಯ. ಕೊನೆಯದು ‘ಅಪೇರೊಫೋಬಿಯಾ’, ಅನಂತದ ಭಯ. ಲೆಕ್ಕದ ಭಯದಿಂದ ಶುರುವಾಗಿ ಲೆಕ್ಕಕ್ಕೇ ಸಿಗದ್ದರ ಭಯದಲ್ಲಿ ಮುಗಿಯುತ್ತದೆ. ಈ ಆಲ್ಬಂ ಕೇಳುವ ಅನುಭವ ಕೂಡ ಹಾಗೇ ಇದೆ. ‘ಅರಿತ್ಮೊಫೋಬಿಯಾ’ ಸಿತಾರಿನ ನಾದದಿಂದ ಶುರುವಾಗುತ್ತದೆ. ಕಿವಿ ಒಂದು ಕ್ಷಣ ಮನೆಗೆ ಬಂದ ಹಾಗೆ ಸಡಿಲವಾಗುತ್ತದೆ. ಆಮೇಲೆ ರಿಫ್ ಬರುತ್ತದೆ, ಎತ್ತುಗಡೆ, ಅಂದರೆ ಅದು ತಾಳದಲ್ಲಿ ಶುರುವಾಗುವ ಜಾಗ, ಎಲ್ಲಿ ಅಂತ ಹುಡುಕುವುದೇ ಕೆಲಸ.

ಇಲ್ಲಿ ಹಿಡಿ ಎಣಿಕೆ. ನಿಮಗೆ ಲೆಕ್ಕ ಹಾಕುವುದರಲ್ಲಿ ಖುಷಿ ಇದ್ದರೆ, ತನಿಯಲ್ಲಿ ಕೈ ಹಾಕಿ ತಾಳ ಬಿಡದೆ ಕೂರುವವರು ನೀವಾದರೆ, ಇದು ನಿಮ್ಮ ಆಲ್ಬಂ. ಡ್ರಮ್ಸ್ ಕಲಿಯುವವರಿಗೂ ಇದನ್ನೇ ಹೇಳುತ್ತೇನೆ. ‘ಕಾಗ್ನಿಟಿವ್ ಕಂಟಾರ್ಷನ್ಸ್’ ಹೆಸರಿಗೆ ತಕ್ಕ ಹಾಗೆ ಬುದ್ಧಿಯನ್ನು ತಿರುಚುತ್ತದೆ. ‘ದ ಬ್ರೇನ್ ಡ್ಯಾನ್ಸ್’ ನೈಲಾನ್ ತಂತಿಯಲ್ಲಿ ಸೊಗಸಾಗಿ ತೆರೆದುಕೊಳ್ಳುತ್ತದೆ, ಈ ಆಲ್ಬಂನಲ್ಲಿ ನನಗೆ ಬಹಳ ಇಷ್ಟವಾದದ್ದು ಅದು. ಆದರೆ ಲೆಕ್ಕ ಬೇಡ, ಸುಮ್ಮನೆ ಕೇಳಬೇಕು ಅನ್ನುವವರಿಗೆ ಇಲ್ಲಿ ಆಯಾಸ ಆಗುತ್ತದೆ. ಐದನೇ ತುಣುಕಿನ ಹೊತ್ತಿಗೆ ಗಮನ ಜಾರುತ್ತದೆ. ನನಗೂ ಹೀಗೆ ಆಗಿದೆ. ಆಗ ನಿಲ್ಲಿಸಿ, ಉಳಿದದ್ದನ್ನು ಮರುದಿನ ಕೇಳಿದೆ. ಎರಡು ಭಾಗ ಮಾಡಿ ಕೇಳಿದರೆ ಈ ಆಲ್ಬಂ ಚೆನ್ನಾಗಿ ಒಗ್ಗುತ್ತದೆ.

‘ಪರೀಸಿಯಾ’ ಬರಲು ಐದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ‘ಮಾನೊಮಿಥ್’ 2021ರಲ್ಲೇ ಬಂದಿತ್ತು. ಪೂರ್ತಿ ಆಲ್ಬಂ 2022ರ ಮಾರ್ಚ್ 25ಕ್ಕೆ ಬಂತು. ನಿರ್ಮಾಣಕ್ಕೆ ಮಿಶಾ ಮನ್ಸೂರ್ ಮತ್ತೆ ಬಂದರು. ಹೆಸರು ಗ್ರೀಕ್ ಭಾಷೆಯದು. ಅಂಜದೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುವುದು ಅಂತ ಅರ್ಥ. ಮಾತೇ ಇಲ್ಲದ ಆಲ್ಬಂಗೆ ನೇರ ಮಾತು ಅನ್ನುವ ಹೆಸರು. ಕೇಳಿದ ಮೇಲೆ ನನಗೆ ಅದು ಸರಿ ಅನ್ನಿಸಿತು. ಇಲ್ಲಿ ಸುತ್ತುಬಳಸು ಇಲ್ಲ. ಒಂಬತ್ತೇ ತುಣುಕು, ಒಟ್ಟು 40 ನಿಮಿಷವೂ ಇಲ್ಲ. ಹೇಳಬೇಕಾದ್ದನ್ನು ಹೇಳಿ ನಿಲ್ಲಿಸುತ್ತಾರೆ.

ಹಿಡಿ ಅಂದರೆ ಇಲ್ಲಿ ಕಟ್ಟಡ. ಒಂದು ತುಣುಕು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಅನ್ನುವುದು ಮೊದಲ ಸಲಕ್ಕೇ ತಿಳಿಯುತ್ತದೆ. ‘ಕಾನ್‌ಫ್ಲಿಕ್ಟ್ ಕಾರ್ಟಾಗ್ರಫಿ’ ಮೆಲ್ಲಗೆ ಕಟ್ಟಿಕೊಂಡು ಹೋಗಿ ದೊಡ್ಡದಾಗಿ ತೆರೆದುಕೊಳ್ಳುತ್ತದೆ. ‘ರೆಡ್ ಮಿಸೋ’ದಲ್ಲಿ ಗಾರ್‌ಸ್ಟ್ಕಾ ಕೈ ನೋಡಬೇಕು. ‘ಅಸಾಹಿ’ ಜಪಾನಿ ಭಾಷೆಯಲ್ಲಿ ಬೆಳಗಿನ ಸೂರ್ಯ. ಪುಟ್ಟ ತುಣುಕು, ಗದ್ದಲದ ನಡುವೆ ಕಿಟಕಿ ತೆಗೆದ ಹಾಗೆ. ಕೊನೆಯ ‘ಗಾರ್ಡಿಯನ್ ನಾಟ್’ನಲ್ಲಿ ಭಾರ ಪೂರ್ತಿ ವಾಪಸ್ ಬರುತ್ತದೆ.

ಹಾಗಾದರೆ ಎರಡರಲ್ಲಿ ಯಾವುದು? ನಾನು ‘ಪರೀಸಿಯಾ’ ಅನ್ನುತ್ತೇನೆ. ‘ಮ್ಯಾಡ್‌ನೆಸ್’ನಲ್ಲಿ ಹೊಸ ಯೋಚನೆಗಳು ಜಾಸ್ತಿ ಇವೆ, ಒಪ್ಪುತ್ತೇನೆ. ಆದರೆ ಕೆಲವು ಯೋಚನೆಗಳು ತುಣುಕಾಗಿ ಬೆಳೆಯುವ ಮುಂಚೆಯೇ ಇನ್ನೊಂದು ಬಂದುಬಿಡುತ್ತದೆ. ‘ಪರೀಸಿಯಾ’ದಲ್ಲಿ ಕಡಿಮೆ ಯೋಚನೆ, ಒಂದೊಂದಕ್ಕೂ ಪೂರ್ತಿ ಜಾಗ. ಮನ್ಸೂರ್ ಇದ್ದದ್ದಕ್ಕೆ ಹೀಗಾಯಿತು ಅಂತ ನನ್ನ ಊಹೆ. ಮೂವರು ಒಳ್ಳೆಯ ವಾದಕರು ಒಂದೇ ಕೋಣೆಯಲ್ಲಿದ್ದಾಗ "ಇದು ಸಾಕು" ಅನ್ನಲು ನಾಲ್ಕನೆಯವರೊಬ್ಬರು ಬೇಕಾಗುತ್ತದೆ. ‘ಪರೀಸಿಯಾ’ದ ಮೇಲೆ ಇರುವ ದೂರು ಒಂದೇ, ಬೇಗ ಮುಗಿಯುತ್ತದೆ. ನನಗೆ ಅದು ದೂರಲ್ಲ. ಒಂದು ಬಸ್ ಪ್ರಯಾಣದಲ್ಲಿ ಪೂರ್ತಿ ಮುಗಿಯುವ ಆಲ್ಬಂ ಮತ್ತೆ ಮತ್ತೆ ಕೇಳಲು ಆಗುತ್ತದೆ.

ನೀವು ಏನು ಕೇಳುತ್ತಾ ಬಂದಿದ್ದೀರಿ?

ಕೆಲವರಿಗೆ ಮೇಲೆ ಹೇಳಿದ ಕ್ರಮ ಹೊಂದದೇ ಇರಬಹುದು. ಹಾಡುಗಾರರಿರುವ ಹೆವಿ ಮೆಟಲ್ ಕೇಳಿ ಬಂದವರಿಗೆ ರಿಫ್ ಬೇಕು, ಭಾರ ಬೇಕು. ಅವರು ‘ಜಾಯ್ ಆಫ್ ಮೋಷನ್’ನ ‘ಟೂತ್ ಆ್ಯಂಡ್ ಕ್ಲಾ’, ಆಮೇಲೆ ‘ಮಾನೊಮಿಥ್’, ಆಮೇಲೆ ‘ಗಾರ್ಡಿಯನ್ ನಾಟ್’ ಕೇಳಲಿ. ಮೂರೂ ನೇರವಾಗಿ ಎದೆಗೆ ಬರುತ್ತವೆ. ಅವರಿಗೆ ‘ಪರೀಸಿಯಾ’ವೇ ಮೊದಲ ಆಲ್ಬಂ ಆದರೂ ನಡೆಯುತ್ತದೆ.

ವೀಣೆ, ಪಿಟೀಲು, ಕೊಳಲು ಕಛೇರಿ ಕೇಳಿ ಬಂದವರ ದಾರಿ ಬೇರೆ. ಮಾತಿಲ್ಲದ ಸಂಗೀತ ಅವರಿಗೆ ಹೊಸದಲ್ಲ. ಅವರನ್ನು ತಡೆಯುವುದು ಸದ್ದಿನ ಒರಟುತನ. ಎಲೆಕ್ಟ್ರಿಕ್ ಗಿಟಾರಿನ ಆ ಬಿರುಸು ನಾದ ಮೊದಲ ಸಲಕ್ಕೆ ಯಾರಿಗೂ ಹಿತ ಅಲ್ಲ. ಹಾಗಾಗಿ ಅವರಿಗೆ ‘ಪಾರಾ ಮೆಶೇರ್’, ‘ಡೇವಿಡ್’, ‘ದ ಬ್ರೇನ್ ಡ್ಯಾನ್ಸ್’, ‘ಅಸಾಹಿ’ ಅಂತ ಮೆದುವಾದ ತುಣುಕುಗಳನ್ನು ಜೋಡಿಸಿ ಕೊಡಿ. ಕೈಯ ಗುಣ ಗೊತ್ತಾದ ಮೇಲೆ ‘ಫಿಸಿಕಲ್ ಎಜುಕೇಷನ್’. ಚಿಕ್ಕಪ್ಪನಿಗೆ ನಾನು ತಿರುವುಮುರುವಾಗಿ ಕೇಳಿಸಿದ್ದೆ, ಅವರ ಲಯಜ್ಞಾನ ದೊಡ್ಡದಾದ್ದರಿಂದ ನಡೆಯಿತು. ಎಲ್ಲರಿಗೂ ಹಾಗಾಗುವುದಿಲ್ಲ.

ಸಿನಿಮಾ ಹಾಡು ಮಾತ್ರ ಕೇಳುವ ಗೆಳೆಯರಿಗೆ? ‘ಲಿಪಿನ್‌ಕಾಟ್’ ಒಂದೇ ಕೇಳಿಸಿ. ಇಷ್ಟವಾದರೆ ಅವರೇ ಮುಂದಿನದನ್ನು ಕೇಳುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಈ ಬ್ಯಾಂಡ್ ಒಗ್ಗದಿದ್ದರೆ, ವಾದ್ಯ ಮಾತ್ರದ ಪ್ರೋಗ್ರೆಸಿವ್ (ಲಯ, ಕಟ್ಟಡದಲ್ಲಿ ಕ್ಲಿಷ್ಟವಾದ ರಾಕ್, ಮೆಟಲ್) ಸಂಗೀತವನ್ನೇ ಬಿಟ್ಟುಬಿಡಬೇಡಿ. ಆಸ್ಟ್ರೇಲಿಯಾದ ಗಿಟಾರಿಸ್ಟ್ ಪ್ಲಿನಿ ಇದ್ದಾರೆ. ಅವರ 2016ರ ‘ಹ್ಯಾಂಡ್‌ಮೇಡ್ ಸಿಟೀಸ್’ನಲ್ಲಿ ಇದೇ ಕೈಚಳಕ ತಂಪಾಗಿ, ಸಾವಧಾನವಾಗಿ ಬರುತ್ತದೆ. ಹಳೆಯ ಶೈಲಿ ಬೇಕಾದವರಿಗೆ ಅಮೆರಿಕದ ಪ್ರೋಗ್ರೆಸಿವ್ ಮೆಟಲ್ ಬ್ಯಾಂಡ್ ಡ್ರೀಮ್ ಥಿಯೇಟರ್‌ನವರು ಬೇಸ್ ವಾದಕ ಟೋನಿ ಲೆವಿನ್ ಜೊತೆ ಕಟ್ಟಿದ ಲಿಕ್ವಿಡ್ ಟೆನ್ಷನ್ ಎಕ್ಸ್‌ಪೆರಿಮೆಂಟ್ ಇದೆ. ಅಲ್ಲಿ ಒಬ್ಬರನ್ನೊಬ್ಬರು ಕೆಣಕಿ ನುಡಿಸುವ ಖುಷಿ ಸಿಗುತ್ತದೆ.

ಆಯ್ಕೆ ಮಾಡಿದ ಆಲ್ಬಂ ಅನ್ನು ಮೊದಲ ವಾರ ಮೂರು ಸಲವಾದರೂ ಕೇಳಿ. ಬೇರೆ ಕೆಲಸದ ಜೊತೆ ಬೇಡ. ಕತ್ತಲಲ್ಲಿ ಕೂತು ಅಥವಾ ನಡೆಯುತ್ತಾ ಕೇಳಿ. ಮೊದಲ ಸಲ ಸಿಂಬಲ್ ಹಿಡಿಯಿರಿ. ಎರಡನೇ ಸಲ ಎಡಕಿವಿಯಲ್ಲಿ ಏನಿದೆ, ಬಲಕಿವಿಯಲ್ಲಿ ಏನಿದೆ ಅಂತ ಗಮನಿಸಿ. ಇಬ್ಬರು ಗಿಟಾರಿಸ್ಟ್‌ಗಳು ಬೇರೆಯಾಗಿ ಕೇಳಿಸಲು ಶುರುವಾಗುತ್ತಾರೆ. ಮೂರನೇ ಸಲ ಏನನ್ನೂ ಹುಡುಕಬೇಡಿ. ಒಂದು ತಿಂಗಳು ಕಳೆದ ಮೇಲೆ, ‘ಜಾಯ್ ಆಫ್ ಮೋಷನ್’ ಕಿವಿಯಲ್ಲಿ ಚೆನ್ನಾಗಿ ಕೂತ ಮೇಲೆ, ಒಂದು ರಾತ್ರಿ ಇಯರ್‌ಫೋನ್ ಹಾಕಿಕೊಂಡು ‘ಕ್ಯಾಫೋ’ ಕೇಳಿ. ಆಲಿಕಲ್ಲಿನ ಸದ್ದಿನ ಕೆಳಗೆ ಒಂದು ಧಾಟಿ ನಡೆದುಹೋಗುತ್ತಿರುತ್ತದೆ.